ಅರ್ಜಿಗಳ ರಾಶಿ, ರಕ್ಷಣೆಯ ಬರ
ಉದ್ಯಮಗಳ ಬೌದ್ಧಿಕ ಆಸ್ತಿ: ಇತ್ತೀಚಿನ ಒಲವುಗಳ ಒಂದು ವಿಮರ್ಶೆ

ಮಲೆನಾಡಿನ ಸಣ್ಣ ಪಟ್ಟಣವೊಂದರಲ್ಲಿ ವರ್ಕ್‌ಶಾಪ್ ನಡೆಸುವ ನನ್ನ ಪರಿಚಯದವರೊಬ್ಬರು ಅಡಿಕೆ ಸುಲಿಯುವ ಯಂತ್ರಕ್ಕೆ ಒಂದು ಸುಧಾರಣೆ ಮಾಡಿದ್ದರು. ಅಡಿಕೆಕಾಯಿಗಳ ಗಾತ್ರ ಒಂದೇ ಸಮನಾಗಿರುವುದಿಲ್ಲ. ದೊಡ್ಡ ಕಾಯಿಗೆ ಹೊಂದಿಸಿದ ಯಂತ್ರ ಸಣ್ಣ ಕಾಯಿಯ ಸಿಪ್ಪೆಯನ್ನು ಅರ್ಧಕ್ಕೇ ಬಿಡುತ್ತದೆ. ಸಣ್ಣದಕ್ಕೆ ಹೊಂದಿಸಿದರೆ ದೊಡ್ಡ ಕಾಯಿಯೊಳಗಿನ ಅಡಿಕೆಯೇ ಒಡೆಯುತ್ತದೆ. ಇವರು ಬ್ಲೇಡುಗಳ ನಡುವಿನ ಅಂತರ ಕಾಯಿಯ ಗಾತ್ರಕ್ಕೆ ತಕ್ಕಂತೆ ತಾನಾಗಿಯೇ ಹೊಂದಿಕೊಳ್ಳುವಂತೆ ಸ್ಪ್ರಿಂಗ್ ಜೋಡಣೆಯೊಂದನ್ನು ಅಳವಡಿಸಿದರು. ಕೃಷಿ ಮೇಳದಲ್ಲಿ ಯಂತ್ರವನ್ನು ಇಟ್ಟರು. ಜನ ಸೇರಿದರು. ಯಾರೋ ಉತ್ಸಾಹಿ ಯುವಕರು ವಿಡಿಯೊ ಮಾಡಿದರು. ಇವರು ಮುಚ್ಚಳ ತೆಗೆದು ಒಳಗಿನ ಜೋಡಣೆಯನ್ನೆಲ್ಲ ಸಂತೋಷದಿಂದ ವಿವರಿಸಿದರು.

ಒಂದೂವರೆ ವರ್ಷದ ನಂತರ ಅದೇ ಜೋಡಣೆಯ ಯಂತ್ರ ಬೇರೊಬ್ಬರ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಗಾಬರಿಯಾದ ಇವರು ಸಲಹೆಗಾರರೊಬ್ಬರಿಗೆ ಹಣ ಕೊಟ್ಟು ಪೇಟೆಂಟ್ ಅರ್ಜಿ ಹಾಕಿಸಿದರು. ಅರ್ಜಿ ಸಂಖ್ಯೆಯಿದ್ದ ಕಾಗದಕ್ಕೆ ಚೌಕಟ್ಟು ಹಾಕಿಸಿ ಲಕ್ಷ್ಮಿಯ ಪಟದ ಪಕ್ಕದಲ್ಲಿ ತೂಗುಹಾಕಿದರು. ಕೆಲವು ಕಾಲದ ಮೇಲೆ ಪೇಟೆಂಟ್ ಕಚೇರಿಯಿಂದ ಪರೀಕ್ಷಾ ವರದಿ ಬಂತು. ಈ ಆವಿಷ್ಕಾರ ಹೊಸದಲ್ಲ, ಅರ್ಜಿಯ ದಿನಾಂಕಕ್ಕೆ ಮೊದಲೇ ಬಹಿರಂಗವಾಗಿದೆ ಎಂಬ ಆಕ್ಷೇಪಣೆ ಅದರಲ್ಲಿತ್ತು. ಆಧಾರವಾಗಿ ತೋರಿಸಿದ್ದು ಅದೇ ಮೇಳದ ವಿಡಿಯೊವನ್ನು! ತಮ್ಮ ಯಂತ್ರಕ್ಕೆ ತಾವೇ ಎದುರು ಸಾಕ್ಷಿಯಾಗಿದ್ದರು. "ಹಾಗಾದರೆ ಈ ಸರ್ಟಿಫಿಕೇಟ್ ಏನು ಸಾರ್?" ಎಂದು ಚೌಕಟ್ಟನ್ನು ತೋರಿಸಿ ಕೇಳಿದರು. ಅದು ಸರ್ಟಿಫಿಕೇಟ್ ಅಲ್ಲ, ಅರ್ಜಿ ತಲುಪಿದ್ದಕ್ಕೆ ಕೊಟ್ಟ ರಶೀದಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಇದು ಒಬ್ಬರ ಕಥೆಯಾಗಿದ್ದರೆ ಇಲ್ಲಿ ಬರೆಯಬೇಕಾಗಿರಲಿಲ್ಲ. ಅರ್ಜಿಯನ್ನೇ ರಕ್ಷಣೆ ಎಂದು ತಿಳಿಯುವ ಅಭ್ಯಾಸ ಇಂದು ಉದ್ಯಮ, ಶಿಕ್ಷಣ ಸಂಸ್ಥೆ, ಸರ್ಕಾರ ಮೂರರಲ್ಲೂ ಹಬ್ಬಿದೆ. ಬೌದ್ಧಿಕ ಆಸ್ತಿ ರಕ್ಷಣೆಯ ಇತ್ತೀಚಿನ ಒಲವುಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂಲದಲ್ಲಿರುವುದು ಒಂದು ಒಪ್ಪಂದ

ಪೇಟೆಂಟ್ ಎನ್ನುವುದು ಬಹುಮಾನವಲ್ಲ. ಸಮಾಜ ಮತ್ತು ಆವಿಷ್ಕಾರಕನ ನಡುವಿನ ಒಪ್ಪಂದ. ಆವಿಷ್ಕಾರಕ ತನ್ನ ವಿದ್ಯೆಯನ್ನು, ಆ ಕ್ಷೇತ್ರದ ಪರಿಣತನೊಬ್ಬ ಓದಿ ಮಾಡಬಲ್ಲಷ್ಟು ಸ್ಪಷ್ಟವಾಗಿ ಬರೆದು ಕೊಡಬೇಕು. ಪ್ರತಿಯಾಗಿ ಸಮಾಜ ಅವನಿಗೆ ಅರ್ಜಿಯ ದಿನಾಂಕದಿಂದ 20 ವರ್ಷಗಳ ಕಾಲ ಇತರರನ್ನು ತಡೆಯುವ ಹಕ್ಕನ್ನು ಕೊಡುತ್ತದೆ. ಅವಧಿ ಮುಗಿದ ಮೇಲೆ ಆ ವಿದ್ಯೆ ಎಲ್ಲರದ್ದು. ಇದಕ್ಕೆ ಮೂರು ಷರತ್ತುಗಳಿವೆ: ವಿಷಯ ಹೊಸದಾಗಿರಬೇಕು, ಪರಿಣತನಿಗೆ ಸುಲಭವಾಗಿ ಹೊಳೆಯುವಂಥದ್ದಾಗಿರಬಾರದು, ಕೈಗಾರಿಕೆಯಲ್ಲಿ ಬಳಸಲು ಬರಬೇಕು.

ಪೇಟೆಂಟ್ ಒಂದೇ ದಾರಿಯಲ್ಲ. ವಸ್ತುವಿನ ಹೊರರೂಪಕ್ಕೆ ವಿನ್ಯಾಸ ನೋಂದಣಿ ಇದೆ. ಅದು 10 ವರ್ಷಕ್ಕೆ ಸಿಕ್ಕಿ ಮತ್ತೆ 5 ವರ್ಷಕ್ಕೆ ಮುಂದುವರಿಯಬಲ್ಲದು. ಹೆಸರು ಮತ್ತು ಗುರುತಿಗೆ ವ್ಯಾಪಾರ ಚಿಹ್ನೆಯಿದೆ. ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತಾ ಎಷ್ಟು ಕಾಲ ಬೇಕಾದರೂ ಉಳಿಸಿಕೊಳ್ಳಬಹುದು. ಬರಹ, ಚಿತ್ರ, ಸಾಫ್ಟ್‌ವೇರ್‌ಗೆ ಕೃತಿಸ್ವಾಮ್ಯ. ಊರಿನ ಹೆಸರಿನೊಂದಿಗೆ ಗುಣವೂ ಬೆಸೆದಿರುವ ಸರಕಿಗೆ ಭೌಗೋಳಿಕ ಸೂಚಕ. ಇವೆಲ್ಲದರ ಹೊರಗೆ ನಿಲ್ಲುವುದು ವ್ಯಾಪಾರದ ಗುಟ್ಟು. ಯಾವ ವಸ್ತುವಿಗೆ ಯಾವ ಬೇಲಿ ಎಂದು ಯೋಚಿಸುವುದೇ ಬೌದ್ಧಿಕ ಆಸ್ತಿಯ ಮೊದಲ ಪಾಠ. ನಾವು ಈ ಪಾಠವನ್ನು ಬಿಟ್ಟು ನೇರವಾಗಿ ಎಣಿಕೆಗೆ ಹಾರಿದ್ದೇವೆ.

ಮೊದಲ ಒಲವು: ಎಣಿಕೆಯ ಮೋಹ

ಅಂಕಿಗಳು ಕಣ್ಣು ಕೋರೈಸುವಂತಿವೆ. 2014-15ರಲ್ಲಿ ಭಾರತದಲ್ಲಿ ಸಲ್ಲಿಕೆಯಾದ ಪೇಟೆಂಟ್ ಅರ್ಜಿಗಳು ಸುಮಾರು 43 ಸಾವಿರ, ಮಂಜೂರಾದದ್ದು 6 ಸಾವಿರದಷ್ಟು. 2023-24ರಲ್ಲಿ ಅರ್ಜಿಗಳು 92 ಸಾವಿರ ದಾಟಿದವು, ಮಂಜೂರಾತಿ ಒಂದು ಲಕ್ಷವನ್ನು ಮೀರಿತು. ಆ ವರ್ಷ ಅರ್ಜಿಗಳಿಗಿಂತ ಮಂಜೂರಾತಿಯೇ ಹೆಚ್ಚಾದದ್ದು ವಿಚಿತ್ರವೆನಿಸಬಹುದು. ವರ್ಷಗಳಿಂದ ಉಳಿದಿದ್ದ ಹಳೆಯ ಕಡತಗಳೂ ಅದರಲ್ಲಿ ಸೇರಿವೆ ಎಂಬುದನ್ನು ನೆನಪಿಟ್ಟರೆ ಒಗಟು ಬಿಡಿಸಿಕೊಳ್ಳುತ್ತದೆ. ವಿಳಂಬ ತಗ್ಗಿರುವುದು ನಿಜವಾದ ಸಾಧನೆ, ಅದನ್ನು ಅಲ್ಲಗಳೆಯುವಂತಿಲ್ಲ. ಸಣ್ಣವರಿಗೆ ಬಾಗಿಲು ತೆರೆದಿರುವುದೂ ಒಳ್ಳೆಯದೇ. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ. ದೊಡ್ಡ ಕಂಪನಿಗೆ 8,000. 2021ರಿಂದ ಶಿಕ್ಷಣ ಸಂಸ್ಥೆಗಳಿಗೂ ಇದೇ 80 ಶೇಕಡಾ ರಿಯಾಯಿತಿ ದೊರೆತಿದೆ.

ತೊಡಕು ಇರುವುದು ಪದಗಳ ಕಲಸುಮೇಲೋಗರದಲ್ಲಿ. ಅರ್ಜಿ ಸಲ್ಲಿಕೆ, ಪ್ರಕಟಣೆ, ಪರೀಕ್ಷೆ, ಮಂಜೂರಾತಿ ಇವು ನಾಲ್ಕು ಬೇರೆ ಬೇರೆ ಮೆಟ್ಟಿಲುಗಳು. ಸಾಮಾನ್ಯವಾಗಿ 18 ತಿಂಗಳ ನಂತರ ಅರ್ಜಿ ಪೇಟೆಂಟ್ ಕಚೇರಿಯ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಹೆಚ್ಚುವರಿ ಶುಲ್ಕ ಕಟ್ಟಿ ಕೋರಿದರೆ ಬೇಗನೆ ಪ್ರಕಟವಾಗುತ್ತದೆ. ಪ್ರಕಟಣೆಯ ಹೊತ್ತಿಗೆ ಯಾರೂ ಅದರ ನವೀನತೆಯನ್ನು ಪರೀಕ್ಷಿಸಿರುವುದಿಲ್ಲ. ಪರೀಕ್ಷೆಗೆ ಪ್ರತ್ಯೇಕ ಕೋರಿಕೆ, ಪ್ರತ್ಯೇಕ ಶುಲ್ಕ ಬೇಕು. 2024ರ ಮಾರ್ಚ್ ತಿದ್ದುಪಡಿಯ ನಂತರ ಈ ಕೋರಿಕೆಯ ಗಡುವು 48 ತಿಂಗಳಿಂದ 31 ತಿಂಗಳಿಗೆ ಇಳಿದಿದೆ. ಕೋರಿಕೆ ಹೋಗದಿದ್ದರೆ ಅರ್ಜಿ ಹಿಂತೆಗೆದುಕೊಂಡಂತೆಯೇ. ಹೀಗಿದ್ದರೂ "ಪೇಟೆಂಟ್ ಪ್ರಕಟವಾಗಿದೆ" ಎಂಬ ಮಾತು ಕಾಲೇಜುಗಳ ಫಲಕಗಳಲ್ಲಿ, ಬಡ್ತಿಯ ಅರ್ಜಿಗಳಲ್ಲಿ, ಹೂಡಿಕೆದಾರರ ಮುಂದಿನ ಪ್ರದರ್ಶನಗಳಲ್ಲಿ ಮೆರೆಯುತ್ತದೆ. ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ಶ್ರೇಯಾಂಕದಲ್ಲಿ ಮಂಜೂರಾದ ಪೇಟೆಂಟ್‌ಗಳ ಜೊತೆಗೆ ಪ್ರಕಟವಾದವುಗಳಿಗೂ ಅಂಕ ಸಿಗುತ್ತಿರುವಾಗ, ಪ್ರಕಟಣೆಗೆಂದೇ ಅರ್ಜಿ ಹುಟ್ಟಿದರೆ ಅಚ್ಚರಿಯೇನು? ಅಳತೆಗೋಲೇ ಗುರಿಯಾದಾಗ ಅಳತೆ ಸುಳ್ಳಾಗುತ್ತದೆ.

ಇದರ ನಷ್ಟ ಬರಿಯ ಕಾಗದದ್ದಲ್ಲ. ಪರೀಕ್ಷಕನ ಮೇಜಿನ ಮೇಲೆ ಬರುವ ಪ್ರತಿಯೊಂದು ಟೊಳ್ಳು ಅರ್ಜಿಯೂ ಗಟ್ಟಿ ಅರ್ಜಿಯೊಂದರ ಸಮಯವನ್ನು ತಿನ್ನುತ್ತದೆ. ಅವಸರದಲ್ಲಿ ಮಂಜೂರಾದ ದುರ್ಬಲ ಪೇಟೆಂಟ್ ಮುಂದೆ ನ್ಯಾಯಾಲಯದಲ್ಲಿ ಬೀಳುತ್ತದೆ. ಬೀಳುವತನಕ ಸಣ್ಣ ಸ್ಪರ್ಧಿಯನ್ನು ಹೆದರಿಸಲು ಅಷ್ಟೇ ಸಾಕು.

ಇನ್ನೊಂದು ಬದಲಾವಣೆಯನ್ನೂ ಇಲ್ಲಿ ಗಮನಿಸಬೇಕು. ಪೇಟೆಂಟ್ ಪಡೆದವರು ಅದನ್ನು ದೇಶದಲ್ಲಿ ಬಳಕೆಗೆ ತಂದಿದ್ದಾರೆಯೇ ಎಂಬ ವಿವರಣೆಯನ್ನು ಮೊದಲು ಪ್ರತಿವರ್ಷ ಕೊಡಬೇಕಿತ್ತು. 2024ರ ನಿಯಮಗಳ ಪ್ರಕಾರ ಮೂರು ಹಣಕಾಸು ವರ್ಷಗಳಿಗೊಮ್ಮೆ ಕೊಟ್ಟರೆ ಸಾಕು. ಉದ್ಯಮಗಳಿಗೆ ಕಡತದ ಹೊರೆ ಇಳಿಯಿತು, ಸರಿ. ಆದರೆ ಈ ವಿವರಣೆ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು 2012ರ ಒಂದು ಪ್ರಕರಣ ತೋರಿಸಿತ್ತು. ಬೇಯರ್ ಕಂಪನಿಯ ಸೊರಾಫೆನಿಬ್ ಎಂಬ ಕ್ಯಾನ್ಸರ್ ಔಷಧಿಗೆ ತಿಂಗಳಿಗೆ ಸುಮಾರು 2,80,000 ರೂಪಾಯಿ ಬೆಲೆಯಿತ್ತು. ಬೇಕಾದ ರೋಗಿಗಳಲ್ಲಿ ಅತ್ಯಲ್ಪ ಮಂದಿಗೆ ಮಾತ್ರ ಅದು ಸಿಗುತ್ತಿತ್ತು ಎಂಬುದು ಕಂಪನಿ ಸ್ವತಃ ಸಲ್ಲಿಸಿದ್ದ ವಿವರಣೆಗಳಿಂದಲೇ ಬಯಲಾಯಿತು. ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಕಡ್ಡಾಯ ಪರವಾನಗಿ ಕೊಟ್ಟು, ತಿಂಗಳಿಗೆ 8,880 ರೂಪಾಯಿಗೆ ಮಾರಲು, ಬೇಯರ್‌ಗೆ ರಾಯಲ್ಟಿ ಸಲ್ಲಿಸಲು ಆದೇಶಿಸಿದರು. ಆ ಕಾಗದ ಇಲ್ಲದಿದ್ದರೆ ಆ ವಾದ ಅಷ್ಟು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಅರ್ಜಿಗಳನ್ನು ಪ್ರತಿವರ್ಷ ಎಣಿಸಿ ಸಾರುವ ನಾವು, ಬಳಕೆಯನ್ನು ಮೂರು ವರ್ಷಕ್ಕೊಮ್ಮೆ ಕೇಳುತ್ತೇವೆ!

ಎರಡನೆಯ ಒಲವು: ಹಳೆಯ ತೋಟಕ್ಕೆ ಹೊಸ ಬೇಲಿ

ದೊಡ್ಡ ಔಷಧ ಕಂಪನಿಗಳಲ್ಲಿ ಮೊದಲಿನಿಂದ ಇರುವ ರೂಢಿ ಇದು. ಮೂಲ ಅಣುವಿನ ಪೇಟೆಂಟ್ ಮುಗಿಯುವ ಹೊತ್ತಿಗೆ ಅದರ ಬೇರೊಂದು ಲವಣಕ್ಕೆ, ಬೇರೊಂದು ಸ್ಫಟಿಕ ರೂಪಕ್ಕೆ, ಬೇರೊಂದು ಪ್ರಮಾಣಕ್ಕೆ ಹೊಸ ಪೇಟೆಂಟ್ ಕೋರುವುದು. 2005ರ ತಿದ್ದುಪಡಿಯಲ್ಲಿ ಸೇರಿದ 3(ಡಿ) ಸೆಕ್ಷನ್ ಇದಕ್ಕೆ ತಡೆಯೊಡ್ಡುತ್ತದೆ: ತಿಳಿದಿರುವ ವಸ್ತುವಿನ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಅದರ ಪರಿಣಾಮಕಾರಿತ್ವ ಗಣನೀಯವಾಗಿ ಹೆಚ್ಚಿರಬೇಕು. ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧಿಯ ಬೀಟಾ ಸ್ಫಟಿಕ ರೂಪಕ್ಕೆ ನೊವಾರ್ಟಿಸ್ ಕೋರಿದ ಪೇಟೆಂಟನ್ನು ಸರ್ವೋಚ್ಚ ನ್ಯಾಯಾಲಯ 2013ರ ಏಪ್ರಿಲ್ 1ರಂದು ಇದೇ ಆಧಾರದ ಮೇಲೆ ತಳ್ಳಿಹಾಕಿತು. ಔಷಧಿಯ ಮಟ್ಟಿಗೆ ಪರಿಣಾಮಕಾರಿತ್ವವೆಂದರೆ ರೋಗ ಗುಣಪಡಿಸುವ ಶಕ್ತಿಯೇ ಹೊರತು, ಪುಡಿ ಸರಾಗವಾಗಿ ಹರಿಯುವುದೋ ತೇವ ಹೀರದಿರುವುದೋ ಅಲ್ಲ ಎಂಬುದು ಆ ತೀರ್ಪಿನ ತಿರುಳು.

ಚಿಕ್ಕ ಚಿಕ್ಕ ಸುಧಾರಣೆಗಳಿಗೂ ಶ್ರಮ ಮತ್ತು ಹಣ ಬೇಕು, ಅವನ್ನು ಕಡೆಗಣಿಸಿದರೆ ಸಂಶೋಧನೆ ಸೊರಗುತ್ತದೆ ಎಂಬ ಉದ್ಯಮದ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಕಾನೂನು ಸುಧಾರಣೆಯನ್ನು ಕಡೆಗಣಿಸಿಲ್ಲ. ಅದರ ಪ್ರಯೋಜನವನ್ನು ಸಾಬೀತುಪಡಿಸಿ ಎಂದಷ್ಟೇ ಕೇಳಿದೆ. ವಿಜ್ಞಾನ ಬಲ್ಲವರಿಗೆ ಇದು ಅತಿಯಾದ ಬೇಡಿಕೆಯಲ್ಲ.

ಈ ಕಾವಲು ಕೆಲಸ ಮಾಡುವುದು ತಕರಾರು ಎತ್ತುವವರಿದ್ದಾಗ. ಔಷಧಿಗೆ ಬಗ್ಗದ ಕ್ಷಯರೋಗಕ್ಕೆ ಬಳಸುವ ಬೆಡಾಕ್ವಿಲಿನ್ ಮಾತ್ರೆಯ ಲವಣ ರೂಪಕ್ಕೆ ಜಾನ್ಸನ್ ಅಂಡ್ ಜಾನ್ಸನ್ ಕೋರಿದ್ದ ಎರಡನೆಯ ಪೇಟೆಂಟ್ 2023ರ ಮಾರ್ಚ್‌ನಲ್ಲಿ ತಿರಸ್ಕೃತವಾಯಿತು. ಮಂಜೂರಾತಿಗೆ ಮುನ್ನ ತಕರಾರು ಸಲ್ಲಿಸಿದವರಲ್ಲಿ ಕ್ಷಯದಿಂದ ಬದುಕುಳಿದ ಇಬ್ಬರು ಮಹಿಳೆಯರಿದ್ದರು: ಭಾರತದ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ. ಚಿಕಿತ್ಸೆಯ ಅಡ್ಡ ಪರಿಣಾಮದಿಂದ ಇಬ್ಬರೂ ಶ್ರವಣಶಕ್ತಿ ಕಳೆದುಕೊಂಡಿದ್ದವರು. 2024ರ ನಿಯಮಗಳು ಇಂಥ ತಕರಾರಿಗೆ ಶುಲ್ಕ ವಿಧಿಸಿವೆ. ತಕರಾರು ವಿಚಾರಣೆಗೆ ಯೋಗ್ಯವೇ ಎಂದು ನಿಯಂತ್ರಕರು ಮೊದಲೇ ತೀರ್ಮಾನಿಸಬೇಕೆಂದೂ ಹೇಳಿವೆ. ಅರ್ಜಿಯನ್ನು ವಿಳಂಬಗೊಳಿಸಲೆಂದೇ ಹೂಡುವ ಹುಸಿ ತಕರಾರುಗಳನ್ನು ತಡೆಯುವುದು ಇದರ ಉದ್ದೇಶ. ಆದರೆ ಅರ್ಜಿಗಳು ಉಕ್ಕಿ ಬರುತ್ತಿರುವ ಹೊತ್ತಿನಲ್ಲಿ ಅರ್ಜಿದಾರನ ದಾರಿಯನ್ನು ಅಗಲಗೊಳಿಸಿ, ಪ್ರಶ್ನಿಸುವವನ ದಾರಿಯನ್ನು ಕಿರಿದುಗೊಳಿಸುವುದು ಯಾವ ನ್ಯಾಯ?

ಮೂರನೆಯ ಒಲವು: ಗುಟ್ಟಿನತ್ತ ಹೊರಳಿಕೆ

ಪೇಟೆಂಟ್ ಎಂದರೆ ಬಹಿರಂಗಪಡಿಸುವುದು. ಅದಕ್ಕೆ ಒಪ್ಪದ ಕಂಪನಿಗಳು ಗುಟ್ಟನ್ನು ಆರಿಸಿಕೊಳ್ಳುತ್ತವೆ. ಕಂಪ್ಯೂಟರ್ ಪ್ರೋಗ್ರಾಮು ತಾನೇ ತಾನಾಗಿ ಪೇಟೆಂಟಿಗೆ ಅರ್ಹವಲ್ಲ ಎಂದು ನಮ್ಮ ಕಾನೂನಿನ 3(ಕೆ) ಸೆಕ್ಷನ್ ಹೇಳುವುದರಿಂದ ಬೆಂಗಳೂರಿನಂಥ ಸಾಫ್ಟ್‌ವೇರ್ ನಗರಗಳಲ್ಲಿ ಗುಟ್ಟಿಗೆ ವಿಶೇಷ ಬೆಲೆ. ಭಾರತದಲ್ಲಿ ವ್ಯಾಪಾರದ ಗುಟ್ಟಿಗೆ ಬಹುಕಾಲ ಪ್ರತ್ಯೇಕ ಕಾನೂನೇ ಇರಲಿಲ್ಲ. ಕರಾರುಗಳು ಮತ್ತು ನ್ಯಾಯಾಲಯಗಳ ತೀರ್ಪುಗಳ ಆಸರೆಯಲ್ಲೇ ಅದು ನಡೆದುಬಂದಿದೆ. 22ನೆಯ ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ಸಲ್ಲಿಸಿದ 289ನೆಯ ವರದಿಯಲ್ಲಿ ಪ್ರತ್ಯೇಕ ಕಾನೂನನ್ನು ಶಿಫಾರಸು ಮಾಡಿತು.

ಇಲ್ಲಿ ತಾಂತ್ರಿಕ ವಿವೇಕವೊಂದು ಬೇಕು. ಕೊಂಡವನು ಬಿಚ್ಚಿ ನೋಡಿದರೆ ತಿಳಿಯುವ ಯಂತ್ರಕ್ಕೆ ಗುಟ್ಟು ಬೇಲಿಯಾಗದು. ಅಡಿಕೆ ಯಂತ್ರದ ಸ್ಪ್ರಿಂಗನ್ನು ಯಾವ ಮೆಕ್ಯಾನಿಕ್ ಬೇಕಾದರೂ ಹತ್ತು ನಿಮಿಷದಲ್ಲಿ ಅರ್ಥ ಮಾಡಿಕೊಳ್ಳುತ್ತಾನೆ. ಕುಲುಮೆಯ ಉಷ್ಣತೆ, ಹುದುಗುವಿಕೆಯ ಅವಧಿ, ಮಿಶ್ರಣದ ಕ್ರಮ ಇಂಥ ಪ್ರಕ್ರಿಯೆಗಳು ಸಿದ್ಧವಸ್ತುವಿನಲ್ಲಿ ಕಾಣುವುದಿಲ್ಲ. ಅಲ್ಲಿ ಗುಟ್ಟು ನಿಲ್ಲುತ್ತದೆ. ಆದರೆ ಗುಟ್ಟಿಗೆ ಗಡುವಿಲ್ಲ. ಅದು ಸಮಾಜಕ್ಕೆ ಮರಳುವುದಿಲ್ಲ. ಮಗನಿಗೂ ಹೇಳದೆ ಪಂಡಿತರೊಂದಿಗೆ ಸತ್ತುಹೋದ ನಾಟಿ ಮದ್ದುಗಳ ಕಥೆ ನಮ್ಮಲ್ಲಿ ಊರಿಗೊಂದಿದೆ. ಗುಟ್ಟು ಕಾಯುವ ನೆಪದಲ್ಲಿ ನೌಕರನ ಕೈಕಟ್ಟುವ ಅಪಾಯವೂ ಇದೆ. ಕೆಲಸ ಬಿಟ್ಟ ಮೇಲೂ ಅದೇ ವೃತ್ತಿ ಮಾಡಬಾರದೆಂಬ ಕರಾರು 1872ರ ಕರಾರು ಕಾಯಿದೆಯ 27ನೆಯ ಸೆಕ್ಷನ್ ಪ್ರಕಾರ ಅನೂರ್ಜಿತ. ಹೊಸ ಕಾನೂನು ಬಂದರೆ, ಕಂಪನಿಯ ಗುಟ್ಟು ಯಾವುದು, ದುಡಿದು ಕಲಿತ ಕೈಚಳಕ ಯಾವುದು ಎಂಬ ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು.

ನಾಲ್ಕನೆಯ ಒಲವು: ಊರಿನ ಹೆಸರಿನ ಸಂಭ್ರಮ

ಭೌಗೋಳಿಕ ಸೂಚಕಗಳ ಕಾಯಿದೆ 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಡಾರ್ಜಿಲಿಂಗ್ ಚಹಾ ಮೊದಲನೆಯದು. ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆ, ಬಿದರಿ ಕಲೆ, ಇಳಕಲ್ ಸೀರೆ, ನಂಜನಗೂಡು ರಸಬಾಳೆ, ಉಡುಪಿಯ ಮಟ್ಟುಗುಳ್ಳ, ಬ್ಯಾಡಗಿ ಮೆಣಸಿನಕಾಯಿ ಎಂದು ಕರ್ನಾಟಕದ ಪಟ್ಟಿ ಉದ್ದವಾಗಿದೆ. ಪ್ರತಿ ನೋಂದಣಿಗೂ ಪತ್ರಿಕೆಗಳಲ್ಲಿ ಸುದ್ದಿ, ಸಭೆಗಳಲ್ಲಿ ಹಾರ. ಆಮೇಲೆ?

ಮೈಸೂರು ರೇಷ್ಮೆಯನ್ನೂ ಚನ್ನಪಟ್ಟಣದ ಗೊಂಬೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಮೈಸೂರು ರೇಷ್ಮೆಯ ಹಿಂದೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವಿದೆ. ಸ್ವಂತ ಕಾರ್ಖಾನೆ, ಸ್ವಂತ ಮಳಿಗೆ, ಸೀರೆಗೊಂದು ಗುರುತಿನ ಸಂಖ್ಯೆ. ಹೆಸರನ್ನು ಕಾಯುವವರು ಯಾರೆಂಬುದು ಸ್ಪಷ್ಟ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಲೇತ್‌ಗೆ ಕೊಟ್ಟು ಕಡೆದು, ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಘರ್ಷಣೆಯ ಬಿಸಿಯಲ್ಲೇ ಬಣ್ಣ ಹತ್ತಿಸುವ ಕುಶಲಕರ್ಮಿಗಳು ಚಿಕ್ಕ ಚಿಕ್ಕ ಮನೆ ಕಾರ್ಖಾನೆಗಳಲ್ಲಿ ಹಂಚಿಹೋಗಿದ್ದಾರೆ. ಅಧಿಕೃತ ಬಳಕೆದಾರರೆಂದು ಅವರು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಹೆದ್ದಾರಿಯ ಅಂಗಡಿಯಲ್ಲಿ ನಕಲಿ ಗೊಂಬೆ ಕಂಡರೆ ದಾವೆ ಹೂಡಲು ಯಾರು ಬೆಂಗಳೂರಿಗೆ ಅಲೆಯಬೇಕು? ಒಂದು ದಿನದ ಕೂಲಿ ಬಿಟ್ಟು ಅಲೆಯುವವನು ಯಾರು? ಹಕ್ಕು ಇಬ್ಬರದ್ದೂ ಒಂದೇ. ಅದನ್ನು ಚಲಾಯಿಸುವ ಶಕ್ತಿ ಒಂದೇ ಅಲ್ಲ.

ವಿಜ್ಞಾನಕ್ಕೂ ಇಲ್ಲಿ ಕೆಲಸವಿದೆ. ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆ ಗಾಢ ಕೆಂಪು ಬಣ್ಣ, ಕಡಿಮೆ ಖಾರ. ಎರಡನ್ನೂ ಪ್ರಯೋಗಾಲಯದಲ್ಲಿ ಅಳೆಯಬಹುದು. ಆದರೆ ಬೇರೆಡೆ ಬೆಳೆದ ಕಾಯಿಯ ಬಣ್ಣವೂ ಅಷ್ಟೇ ಇದ್ದರೆ? ಮಣ್ಣಿನ ಅಲ್ಪ ಧಾತುಗಳು, ಸ್ಥಿರ ಐಸೊಟೋಪುಗಳ ಅನುಪಾತ ಇವು ಬೆಳೆಯ ಮೂಲಸ್ಥಳದ ಸುಳಿವು ಕೊಡಬಲ್ಲವು. ಅದಕ್ಕೆ ಮೊದಲು ಆ ಪ್ರದೇಶದ ಮಾದರಿಗಳ ಆಧಾರ ದತ್ತಾಂಶ ಸಿದ್ಧವಿರಬೇಕು. ಹೆಸರು ನೋಂದಾಯಿಸುವಾಗಲೇ ಪರೀಕ್ಷಾ ವಿಧಾನವನ್ನೂ ಪ್ರಯೋಗಾಲಯವನ್ನೂ ಕಡ್ಡಾಯಗೊಳಿಸಿದರೆ ಸೂಚಕಕ್ಕೆ ಅರ್ಥ ಬರುತ್ತದೆ. ಇಲ್ಲವಾದರೆ ಅದು ಹಾರದ ಹೂವಿನಂತೆ ಬಾಡುತ್ತದೆ.

ಬರೆದಿಟ್ಟದ್ದೇ ಬಲ

ಗಾಯ ಮಾಯಿಸಲು ಅರಿಸಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು, ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ 1997ರಲ್ಲಿ ರದ್ದುಗೊಳಿಸಿದ್ದು ಓದುಗರಿಗೆ ಗೊತ್ತಿದೆ. ನಮ್ಮ ಅಜ್ಜಿಯರ ಅನುಭವ ಅಲ್ಲಿ ಸಾಕ್ಷಿಯಾಗಲಿಲ್ಲ. ಗೆದ್ದದ್ದು ಸಂಸ್ಕೃತ ಗ್ರಂಥಗಳು ಮತ್ತು 1953ರ ವೈದ್ಯಕೀಯ ಪತ್ರಿಕೆಯ ಲೇಖನದಂಥ ಮುದ್ರಿತ ದಾಖಲೆಗಳಿಂದ. ಪೇಟೆಂಟ್ ಲೋಕದಲ್ಲಿ ದಾಖಲೆ ಎರಡಲಗಿನ ಕತ್ತಿ. ಅರಿಸಿನವನ್ನು ಉಳಿಸಿದ್ದು ಅದೇ. ನನ್ನ ವರ್ಕ್‌ಶಾಪ್ ಮಿತ್ರರನ್ನು ಕಡಿದದ್ದೂ ಅದೇ.

ಮಿತ್ರರಿಗೆ ದಾರಿಗಳಿದ್ದವು. ಮೇಳಕ್ಕೆ ಮೊದಲೇ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿದ್ದರೆ ದಿನಾಂಕ ಅವರದ್ದಾಗಿ, ಪೂರ್ಣ ವಿವರಣೆಗೆ 12 ತಿಂಗಳು ಸಿಗುತ್ತಿತ್ತು. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನವಾಗಿದ್ದರೆ, 31ನೆಯ ಸೆಕ್ಷನ್ ಪ್ರಕಾರ ಪ್ರದರ್ಶನದ ನಂತರವೂ 12 ತಿಂಗಳ ವಿನಾಯಿತಿಯಿತ್ತು. ಎಲ್ಲ ಮೇಳಗಳಿಗೂ ಆ ವಿನಾಯಿತಿಯಿಲ್ಲ ಎಂಬುದನ್ನು ಮೇಳ ನಡೆಸಿದವರು ಒಂದು ಫಲಕದಲ್ಲಿ ಬರೆದು ನಿಲ್ಲಿಸಿದ್ದರೂ ಸಾಕಿತ್ತು. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಹಳೆಯ ಪೇಟೆಂಟ್‌ಗಳನ್ನು ಉಚಿತವಾಗಿ ಹುಡುಕಬಹುದು.

ಆದರೆ ಯಾವ ಭಾಷೆಯಲ್ಲಿ? ಪೇಟೆಂಟ್ ನಿಯಮಗಳ ಪ್ರಕಾರ ಅರ್ಜಿ ಮತ್ತು ದಾಖಲೆಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲಿ ಯಂತ್ರ ಕಟ್ಟಿದವನು ತನ್ನದೇ ಆವಿಷ್ಕಾರದ ವಿವರಣೆಯನ್ನು ಓದಲಾರ. ಅದರಲ್ಲಿ ತಾನು ಕೋರಿರುವ ಹಕ್ಕು ಯಾವುದು, ಸಲಹೆಗಾರ ಬಿಟ್ಟುಬಿಟ್ಟದ್ದು ಯಾವುದು ಎಂದು ತಿಳಿಯಲಾರ. ಬಹಿರಂಗಪಡಿಸುವುದಕ್ಕೆ ಪ್ರತಿಯಾಗಿ ಹಕ್ಕು ಎಂಬ ಒಪ್ಪಂದದ ಎರಡೂ ತುದಿ ಇಲ್ಲಿ ಸಡಿಲವಾಗಿವೆ. ಅವನು ಕೊಟ್ಟದ್ದು ಅವನಿಗೆ ಅರ್ಥವಾಗಿಲ್ಲ. ಸಮಾಜಕ್ಕೆ ಸಿಕ್ಕಿದ್ದು ಪಕ್ಕದ ವರ್ಕ್‌ಶಾಪಿಗೆ ತಲುಪಿಲ್ಲ. ಅವಧಿ ಮುಗಿದು ಎಲ್ಲರ ಸೊತ್ತಾದ ಪಂಪು, ಒಣಗಿಸುವ ಸಾಧನ, ಸುಲಿಯುವ ಯಂತ್ರಗಳ ಪೇಟೆಂಟ್‌ಗಳು ಹಾಗೆಯೇ ಬಿದ್ದಿವೆ. ಅವುಗಳ ಸಾರವನ್ನು ಕನ್ನಡದಲ್ಲಿ ತರುವುದಕ್ಕೆ ಯಾವ ಕಾನೂನಿನ ತಿದ್ದುಪಡಿಯೂ ಬೇಕಾಗಿಲ್ಲ. ತಾಂತ್ರಿಕ ಕಾಲೇಜುಗಳು ಪ್ರಕಟಣೆಗೆಂದು ಹಾಕುವ ಹತ್ತು ಅರ್ಜಿಗಳ ಬದಲು ಇಂಥ ಒಂದು ಕೈಪಿಡಿಯನ್ನು ಹೊರತಂದರೆ ನಾಡಿನ ಸಣ್ಣ ಉದ್ಯಮಕ್ಕೆ ಹೆಚ್ಚು ಉಪಕಾರವಾಗುತ್ತದೆ.

ಮಿತ್ರರು ಈಗ ಯಂತ್ರದ ಹೆಸರನ್ನು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲು ಹೊರಟಿದ್ದಾರೆ. ಬ್ಲೇಡಿನಲ್ಲಿ ಮತ್ತೊಂದು ಸುಧಾರಣೆಯನ್ನೂ ಮಾಡಿದ್ದಾರಂತೆ. ಏನೆಂದು ಕೇಳಿದೆ. "ಅರ್ಜಿ ಹಾಕಿದ ಮೇಲೆ ಹೇಳುತ್ತೇನೆ ಸಾರ್" ಎಂದರು. ಗೋಡೆಯ ಮೇಲಿನ ಚೌಕಟ್ಟು ಅಲ್ಲಿರಲಿಲ್ಲ.